ಯಾರಿಗೆ ಕುಲಾವಿ, ಯಾರಿಗೆ ಮಫ್ಲರ್

ಚನ್ನರಾಯನದುರ್ಗದ ಸುತ್ತಮುತ್ತ ಬೆಳೆದವರಿಗೆ ಧನುರ್ಮಾಸದ ಚಳಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧುಗಿರಿ ಪಾಳೆಯಗಾರರ ಕಾಲದ ಕೋಟೆಯಿರುವ ಬೆಟ್ಟದ ಕಡೆಯಿಂದ ಬೆಳಗಿನ ಜಾವ ಗಾಳಿ ಬೀಸಿದರೆ, ರಾಗಿ ಕಣ ಕಾಯುತ್ತಾ ಮಲಗಿದ್ದ ಗಂಡಸರೂ ಮುದುರಿಕೊಳ್ಳುತ್ತಿದ್ದರು. ಅವರಿಗೆ ಕರಿ ಕಂಬಳಿಯೇ ಗತಿ. ಶಿರಾ, ಪಾವಗಡದ ಕಡೆ ಕುರಿ ಹಿಂಡಿಗೆ ಬರವಿಲ್ಲ. ತುಪ್ಪಟ ಕತ್ತರಿಸಿ, ನೂತು, ಹುಣಸೆ ಬೀಜದ ಗಂಜಿ ಕುಡಿಸಿ ನೇಯ್ದ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹೊದಿಕೆ, ದೇವರ ಕಾರ್ಯಕ್ಕೆ ಗದ್ದುಗೆ. ಆದರೆ ಆ ಉಣ್ಣೆ ಒರಟು. ಹಸುಗೂಸಿನ ಕೆನ್ನೆಗೆ ತಾಗಿದರೆ ಚುಚ್ಚುತ್ತದೆ. ಹಾಗಾಗಿ ಕುರಿ ಸೀಮೆಯಲ್ಲೇ ಇದ್ದರೂ ನಮ್ಮ ಹೆಂಗಸರು ಸ್ವೆಟರ್ ಹಾಕಲು ಲೂಧಿಯಾನದಿಂದ ಬರುವ ಉಲ್ಲನ್ನಿಗೇ ಕಾಯಬೇಕಿತ್ತು.

ಇದು 1970–80ರ ದಶಕದ ಮಾತು. ಬೀದಿಗೆ ಒಬ್ಬರಿಗೋ ಇಬ್ಬರಿಗೋ ಹೆಣಿಗೆ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಬರುತ್ತಿದ್ದುದು ನಮ್ಮ ಸೋದರತ್ತೆಗೆ. ಯಾರಾದರೂ ಮಧುಗಿರಿಗೋ ಕೊರಟಗೆರೆಗೋ ಹೊರಟರೆ ಅವರ ಕೈಗೆ ಬಣ್ಣದ ಎಳೆಯೊಂದನ್ನು ಕೊಟ್ಟು, "ಇದೇ ಬಣ್ಣ ಸಿಕ್ಕರೆ ತನ್ನಿ, ಇಲ್ಲದಿದ್ದರೆ ಬೇಡ" ಎನ್ನುತ್ತಿದ್ದರು. ಲಡಿ ಬಂದ ಸಂಜೆ ಮಕ್ಕಳ ಸರದಿ. ಎರಡೂ ಕೈ ಮುಂದೆ ಚಾಚಿ ಕೂರಬೇಕು, ಲಡಿಯನ್ನು ಆ ಕೈಗಳಿಗೆ ಹಾಕಿ ಅತ್ತೆ ಎಳೆ ಎಳೆದು ಉಂಡೆ ಸುತ್ತುತ್ತಿದ್ದರು. ಕೈ ಇಳಿಬಿಟ್ಟರೆ ಎಳೆ ಗಂಟಾಗುತ್ತಿತ್ತು. ಮೂಗು ತುರಿಸಿದರೂ ತಡೆದುಕೊಂಡೇ ಕೂತಿರುತ್ತಿದ್ದೆವು.

ಯಾರಿಗೆ ಏನು ಹಾಕಬೇಕೆಂಬ ಲೆಕ್ಕ ಅತ್ತೆಗೆ ಬಾಯಿಪಾಠ. ಬಾಣಂತಿ ಮನೆಗೆ ಕುಲಾವಿ, ಕಾಲುಚೀಲ, ಮುಂದೆ ತೆರೆಯುವ ಪುಟ್ಟ ಅಂಗಿ. ತೆಳ್ಳನೆಯ ಎಳೆ, 12ನೇ ನಂಬರಿನ ಸಣ್ಣ ಕಡ್ಡಿ. ಮಗು ಕಿತ್ತು ಬಾಯಿಗೆ ಹಾಕಿಕೊಂಡೀತೆಂದು ಗುಂಡಿ ಇಡುತ್ತಿರಲಿಲ್ಲ, ಲಾಡಿಯೇ. ತೂತು ತೂತಿನ ವಿನ್ಯಾಸ ಎಷ್ಟು ಚಂದವಿದ್ದರೂ ಕೂಸಿಗೆ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ನೂರು ಗ್ರಾಂ ಉಲ್ಲನ್ನಿನಲ್ಲಿ ಇಷ್ಟೂ ಮುಗಿಯುತ್ತಿತ್ತು.

ಶಾಲೆಗೆ ಹೋಗುವ ಮಕ್ಕಳಿಗೆ ಕೊಳೆ ಕಾಣದ ನೀಲಿ ಅಥವಾ ಮರೂನ್. ತೋಳು ಒಂದು ಚೋಟು ಉದ್ದ. ಈ ವರ್ಷ ಮಡಚಿ ಹಾಕಿಕೊಂಡರೆ ಮುಂದಿನ ವರ್ಷಕ್ಕೆ ಸರಿಯಾಗುತ್ತಿತ್ತು. ಅದೂ ಗಿಡ್ಡವಾದಾಗ ಬಿಚ್ಚಿ, ಎಳೆಯನ್ನು ತೊಳೆದು, ಸುರುಳಿ ಬಿಡಿಸಿ ತಮ್ಮನಿಗೋ ತಂಗಿಗೋ ಮತ್ತೆ ಹಾಕುತ್ತಿದ್ದರು. ನನ್ನ ಎಷ್ಟೋ ಸ್ವೆಟರ್‌ಗಳಲ್ಲಿ ಅಣ್ಣಂದಿರ ಹಳೆಯ ಬಣ್ಣಗಳು ಪಟ್ಟೆಯಾಗಿ ಕೂತಿದ್ದವು.

ಮದುವೆಯಾಗಿ ಹೋಗುವ ಹುಡುಗಿಗೆ ಸ್ವೆಟರ್ ಅಲ್ಲ, ಬಾಗಿಲಿಗೆ ಕಟ್ಟುವ ಉಲ್ಲನ್ ತೋರಣ. ಗಂಡನ ಮನೆಯಲ್ಲಿ "ಇದನ್ನ ಹಾಕಿದ್ದು ಯಾರು?" ಎಂದು ಕೇಳಿದರೆ ತವರಿನ ಹೆಸರು ಬರಲಿ ಎಂಬ ಆಸೆ. ಹೊಲಕ್ಕೆ ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸಲು ಎದ್ದು ಹೋಗುವ ಮಾವನಿಗೆ ಕಿವಿ ಮುಚ್ಚುವ ಟೋಪಿ. ಗುದ್ದಲಿ ಹಿಡಿಯುವವನಿಗೆ ತುಂಬುತೋಳು ಅಡ್ಡಿಯೆಂದು ತೋಳಿಲ್ಲದ ಸ್ವೆಟರ್.

ಅಜ್ಜಿಯ ಸ್ವೆಟರ್ ವಿಷಯದಲ್ಲಿ ಅತ್ತೆ ತೋರಿಸಿದ ಎಚ್ಚರವೇ ನನಗೆ ಇಂದಿಗೂ ದೊಡ್ಡದು. ಅಜ್ಜಿಗೆ ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ತಲೆಯ ಮೇಲಿಂದ ಹಾಕುವ ಸ್ವೆಟರ್ ಎಷ್ಟು ಬೆಚ್ಚಗಿದ್ದರೇನು, ಪೆಟ್ಟಿಗೆ ಸೇರುತ್ತಿತ್ತು ಅಷ್ಟೆ. ಅತ್ತೆ ಮುಂದೆ ಪೂರ್ತಿ ತೆರೆದಿರುವಂತೆ ಹಾಕಿ, ಕಂಕುಳ ಹತ್ತಿರ ಸಡಿಲ ಬಿಟ್ಟು, ಮಂಜುಗಣ್ಣಿಗೂ ಬೆರಳಿಗೂ ಸಿಗುವ ದಪ್ಪ ಗುಂಡಿ ಹೊಲಿದರು. ಎಡಗಡೆ ಒಂದು ಜೇಬು.

"ಅಜ್ಜಿಗ್ಯಾಕತ್ತೆ ಜೇಬು?" ಎಂದೆ.

"ಎಲೆ ಅಡಿಕೆ ಎಲ್ಲಿಡ್ತಾರೋ?" ಎಂದರು.

ಟೇಪು ಹಿಡಿದು ಯಾರನ್ನೂ ಅಳೆದದ್ದು ಕಾಣೆ. ಗೇಣು ಹಾಕಿ ನೋಡುತ್ತಿದ್ದರು, ಇಲ್ಲವೇ ಅವರ ಹಳೆಯ ರವಿಕೆ, ಅಂಗಿ ತರಿಸಿಕೊಳ್ಳುತ್ತಿದ್ದರು. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರಿಗೆ ಮಂಡಿ ನೋವು, ಯಾರಿಗೆ ಯಾವ ಬಣ್ಣ ಆಗದು ಎಂಬುದೆಲ್ಲ ಗೊತ್ತಿದ್ದುದರಿಂದ ಉಡುಗೊರೆ ಆರಿಸುವುದು ಅವರಿಗೆ ಬೇರೆ ಕೆಲಸವಾಗಿರಲಿಲ್ಲ.

ಆಮೇಲೆ ಪೇಟೆಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಸಾಲುಗಟ್ಟಿದವು. ಮಷೀನಿನಲ್ಲಿ ನೇಯ್ದವು, ನೋಡಲು ಅಂದ, ಬೆಲೆಯೂ ಕೈಗೆಟಕುವಂಥದ್ದು. ತಿಂಗಳುಗಟ್ಟಲೆ ಕೂತು ಹಾಕುವ ತಾಳ್ಮೆ ಕಡಿಮೆಯಾಯಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಅಂಗಡಿಯಲ್ಲಿ ಅಳತೆ ಸಿಗುತ್ತದೆ, ಆದರೆ ಅಜ್ಜಿಯ ಎಡಗಡೆಯ ಜೇಬು ಸಿಗುವುದಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲಿ ಒಂದು ಜೊತೆ ಹಳೆಯ ಕಡ್ಡಿ ಇದ್ದೀತು, ಹುಡುಕಿ. ಹೆಣಿಗೆ ಬಲ್ಲ ಹಿರಿಯರೊಬ್ಬರು ಇನ್ನೂ ಇದ್ದರೆ ಅವರ ಪಕ್ಕ ಕೂತು, ಹುಟ್ಟಲಿರುವ ಮಗುವಿಗೆ ಒಂದು ಕುಲಾವಿಯಿಂದ ಶುರು ಮಾಡಿ. ಕಲಿಯಲು ಅದಕ್ಕಿಂತ ಚಿಕ್ಕ ಕೆಲಸವಿಲ್ಲ.