ನಾರಂಗಿ ಹೂವಿನ ನಾಡಿನಲ್ಲಿ

ಸ್ಪೇನ್ ದೇಶದ ದಕ್ಷಿಣ ಸೀಮೆಗೆ ಆಂಡಲೂಸಿಯಾ ಎಂದು ಹೆಸರು. ಬಿಸಿಲಿಗೆ ಬರವಿಲ್ಲದ ನಾಡು. ಬೇಸಗೆಯಲ್ಲಿ ಅಲ್ಲಿನ ಊರುಗಳು ಕಾದ ಹೆಂಚಿನಂತಾಗುತ್ತವೆ. ಆದುದರಿಂದ ವಸಂತದಲ್ಲಿಯೇ ಹೋಗಬೇಕೆಂದು ಬಲ್ಲವರು ಹೇಳಿದ್ದರು. ಆ ಮಾತಿನಂತೆ ನಾನೂ ನನ್ನ ಪತ್ನಿಯೂ ಏಪ್ರಿಲ್ ತಿಂಗಳ ಮೊದಲಲ್ಲಿ ಸೆವಿಲ್, ಕಾರ್ಡೋಬಾ, ಗ್ರನಾಡಾ ಎಂಬ ಮೂರು ಪುರಾತನ ನಗರಗಳನ್ನು ಆರು ದಿನಗಳಲ್ಲಿ ನೋಡಿ ಬಂದೆವು.

ಸೆವಿಲ್ ನಗರದಲ್ಲಿ ಕಾಲಿಟ್ಟೊಡನೆ ಸುಗಂಧವೊಂದು ನಮ್ಮನ್ನು ಎದುರುಗೊಂಡಿತು. ಬೀದಿಯ ಎರಡು ಬದಿಗೂ ಕಿತ್ತಳೆಯ ಮರಗಳು. ಒಂದೇ ಕೊಂಬೆಯಲ್ಲಿ ಹಳೆಯ ಹಣ್ಣೂ ಹೊಸ ಬಿಳಿಯ ಹೂವೂ. "ಇಷ್ಟು ಹಣ್ಣಿದ್ದರೂ ಯಾರೂ ಕೀಳುವುದಿಲ್ಲವಲ್ಲ!" ಎಂದು ನನ್ನಾಕೆ ಬೆರಗಾದಳು. ಬಾಯಿಗಿಟ್ಟರೆ ಕಾರಣ ತಿಳಿಯುತ್ತದೆ. ನಮ್ಮ ಹೇರಳೆಕಾಯಿಯನ್ನು ನೆನಪಿಗೆ ತರುವ ಹುಳಿ, ಅದರ ಮೇಲೆ ಕಹಿ. ಸಕ್ಕರೆ ಹಾಕಿ ಮುರಬ್ಬ ಮಾಡಿದರೆ ಮಾತ್ರ ರುಚಿ. ಸ್ಪೇನಿನವರು ಕಿತ್ತಳೆಗೆ 'ನರಾಂಹ' ಎನ್ನುತ್ತಾರೆ. ಅದು ನಮ್ಮ 'ನಾರಂಗ'ವೇ. ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಬಾಯಿಗೆ, ಅವರಿಂದ ಸ್ಪೇನಿಗೆ ಆ ಪದ ಪಯಣ ಮಾಡಿದೆ.

ಅರಬರೂ ಉತ್ತರ ಆಫ್ರಿಕದ ಬರ್ಬರರೂ ಕೂಡಿದ ಸೇನೆ ಜಲಸಂಧಿಯನ್ನು ದಾಟಿ ಬಂದದ್ದು 711ರಲ್ಲಿ. ಅವರು ಬೆಳೆಸಿದ ನಾಡಿನ ಕಡೆಯ ಮುಸ್ಲಿಂ ರಾಜ್ಯ ಕೊನೆಗೊಂಡದ್ದು 1492ರಲ್ಲಿ. ಸೋತವರ ಕಟ್ಟಡಗಳನ್ನು ಗೆದ್ದವರು ಏನು ಮಾಡಿದರು? ಮೂರು ನಗರಗಳಲ್ಲಿಯೂ ಈ ಪ್ರಶ್ನೆಯೇ ನನ್ನನ್ನು ಹಿಂಬಾಲಿಸಿತು.

ಸೆವಿಲ್ ನಗರದ ಮಹಾ ಇಗರ್ಜಿಯ ಗಂಟೆಗೋಪುರಕ್ಕೆ ಹಿರಾಲ್ಡಾ ಎಂದು ಹೆಸರು. 1198ರಲ್ಲಿ ಪೂರ್ಣಗೊಂಡಾಗ ಅದು ಮಸೀದಿಯ ಮಿನಾರು. 1248ರಲ್ಲಿ ನಗರ ಕ್ರೈಸ್ತರ ವಶವಾಯಿತು. ಕಾಲಕ್ರಮದಲ್ಲಿ ಮಸೀದಿ ಹೋಯಿತು; ಮಿನಾರನ್ನು ಉಳಿಸಿಕೊಂಡು ಹದಿನಾರನೆಯ ಶತಮಾನದಲ್ಲಿ ಅದರ ನೆತ್ತಿಯ ಮೇಲೆ ಗಂಟೆಗಳ ಅಂತಸ್ತನ್ನು ಕಟ್ಟಿದರು. ಒಳಗೆ ಮೆಟ್ಟಿಲುಗಳ ಬದಲು ಸುತ್ತಿ ಸುತ್ತಿ ಏರುವ ಇಳಿಜಾರು ದಾರಿ. ಮೊಣಕಾಲು ನೋವಿನ ನನ್ನಾಕೆಯೂ ನಿರಾಯಾಸವಾಗಿ ಹತ್ತಿದಳು. ಸಮೀಪದಲ್ಲೇ ಅಲ್ಕಾಸರ್ ಅರಮನೆ. ಅಲ್ಲಿ ಕ್ರೈಸ್ತ ದೊರೆ ಪೇದ್ರೋ 1364ರಲ್ಲಿ ತನಗಾಗಿ ಕಟ್ಟಿಸತೊಡಗಿದ ಭವನದ ಗೋಡೆಗಳಲ್ಲಿ ಅವನನ್ನು 'ಸುಲ್ತಾನ'ನೆಂದು ಹೊಗಳುವ ಅರಬ್ಬೀ ಬರಹವಿದೆ!

ಅಲ್ಲಿಂದ ಕಾರ್ಡೋಬಾ, ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಎಂಟನೆಯ ಶತಮಾನದಲ್ಲಿ ಮೊದಲನೆಯ ಅಬ್ದುರ್ರಹಮಾನನು ಆರಂಭಿಸಿದ ಮಸೀದಿಯೊಳಗೆ ಹೆಜ್ಜೆಯಿಟ್ಟಾಗ ಮಾತು ತಾನಾಗಿ ನಿಂತಿತು. ಎಂಟು ನೂರಕ್ಕೂ ಹೆಚ್ಚು ಕಂಬಗಳು. ಅವುಗಳಲ್ಲಿ ಅನೇಕವು ಇನ್ನೂ ಹಳೆಯ ರೋಮನ್ ಕಟ್ಟಡಗಳಿಂದ ತಂದವು. ಅವುಗಳ ಮೇಲೆ ಕೆಂಪು ಇಟ್ಟಿಗೆ, ಬಿಳಿಯ ಕಲ್ಲುಗಳ ಜೋಡಿ ಕಮಾನುಗಳು. ಆ ಕಂಬಗಳ ಕಾಡಿನ ನಡುವೆ ಇದ್ದಕ್ಕಿದ್ದಂತೆ ಎತ್ತರದ ಇಗರ್ಜಿಯೊಂದು ಎದ್ದುನಿಂತಿದೆ. 1523ರಲ್ಲಿ ಅದನ್ನು ಕಟ್ಟಹೊರಟಾಗ ಊರಿನ ಕ್ರೈಸ್ತ ನಗರಸಭೆಯೇ ವಿರೋಧಿಸಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಅನುಮತಿ ಕೊಟ್ಟದ್ದರಿಂದ ಕೆಲಸ ನಡೆಯಿತು.

ಹತ್ತಿರದ ಕಿರುಬೀದಿಯಲ್ಲಿ 1315ರ ಯೆಹೂದ್ಯ ಪ್ರಾರ್ಥನಾಮಂದಿರವಿದೆ. ನಮ್ಮ ನಡುಮನೆಗಿಂತ ಬಹಳ ದೊಡ್ಡದೇನಲ್ಲ. ಗೋಡೆಯ ಮೇಲೆ ಹೀಬ್ರೂ ಅಕ್ಷರಗಳಿವೆ. ಪ್ರಾರ್ಥಿಸುವವರು ಹೋಗಿ ಐದು ಶತಮಾನಗಳು ಕಳೆದವು. ಮುಂದೆ ಅದು ಆಸ್ಪತ್ರೆಯಾಯಿತು, ಪಾದರಕ್ಷೆ ಮಾಡುವವರ ಸಂಘದ ಪೂಜಾಸ್ಥಳವಾಯಿತು.

ಹೋದವರ ಕಥೆ ನಮಗೆ ಪೂರ್ತಿಯಾಗಿ ಎದುರಾದದ್ದು ಗ್ರನಾಡಾದಲ್ಲಿ. ದೂರದಲ್ಲಿ ಹಿಮ ಹೊತ್ತ ಸಿಯೆರಾ ನೆವಾಡಾ ಪರ್ವತ, ಇತ್ತ ಗುಡ್ಡದ ಮೇಲೆ ಕೆಂಗೋಡೆಗಳ ಆಲ್ಹಂಬ್ರಾ. ಹನ್ನೆರಡು ಕಲ್ಲಿನ ಸಿಂಹಗಳು ಹೊತ್ತ ಕಾರಂಜಿಯ ಅಂಗಳದಲ್ಲಿ ನೀರಿನ ಸಪ್ಪಳ ಕೇಳುತ್ತಲೇ ಇರುತ್ತದೆ. ದೇವರ ಹೊರತು ಗೆಲ್ಲುವವನಿಲ್ಲವೆಂಬ ಸುಲ್ತಾನರ ವಂಶವಾಕ್ಯ ಗೋಡೆಗೋಡೆಯಲ್ಲಿಯೂ ಇದೆ. 1492ರ ಜನವರಿ 2ರಂದು ಕೋಟೆ ಕೈಬಿಟ್ಟಿತು. ಗೆದ್ದವರು ಆ ಬರಹವನ್ನು ಅಳಿಸಲಿಲ್ಲ. ಅರಮನೆಯನ್ನು ಮೆಚ್ಚಿ ಅದರಲ್ಲಿಯೇ ವಾಸವಾದರು.

ಆದರೆ ಮೂರು ತಿಂಗಳು ತುಂಬುವುದರೊಳಗೆ, ಮಾರ್ಚ್ 31ರಂದು, ಇದೇ ಗ್ರನಾಡಾದಲ್ಲಿ ಯೆಹೂದ್ಯರನ್ನು ಹೊರಹಾಕುವ ಆಜ್ಞೆಗೆ ರುಜು ಬಿದ್ದಿತು. ಮುಸ್ಲಿಮರ ಮತಾಚರಣೆಗೆ ಅಡ್ಡಿಯಿಲ್ಲವೆಂದು ಕೊಟ್ಟ ವಚನ ಹತ್ತು ವರ್ಷವೂ ಬಾಳಲಿಲ್ಲ. ಬಲವಂತದ ಮತಾಂತರ ನಡೆಯಿತು. ಹಾಗೆ ಕ್ರೈಸ್ತರಾದವರ ಸಂತತಿಯೂ ಉಳಿಯಲಿಲ್ಲ. 'ಮೊರಿಸ್ಕೋ' ಎಂದು ಕರೆಯಲ್ಪಟ್ಟ ಸುಮಾರು 3 ಲಕ್ಷ ಜನರನ್ನು 1609ರಿಂದ 1614ರವರೆಗೆ ಸ್ಪೇನಿನಿಂದ ಹಡಗು ಹತ್ತಿಸಿದರು. ನೀರಿನ ಕಾಲುವೆ, ತೋಟ, ಕಮಾನು ಎಲ್ಲವೂ ಬೇಕಾಗಿತ್ತು. ಅವುಗಳನ್ನು ಮಾಡಿದವರ ಮಕ್ಕಳು ಬೇಡವಾದರು.

2015ರಲ್ಲಿ ಸ್ಪೇನ್ ಸಂಸತ್ತು, ಅಂದು ಹೊರದೂಡಿದ ಯೆಹೂದ್ಯರ ವಂಶಜರಿಗೆ ಪೌರತ್ವ ನೀಡಲು ಕಾಯಿದೆ ಮಾಡಿತು. 2019ರಲ್ಲಿ ಅರ್ಜಿಯ ಅವಧಿ ಮುಗಿಯಿತು. ಮೊರಿಸ್ಕೋಗಳ ವಂಶಜರಿಗೆ ಆ ಕಾಯಿದೆ ಅನ್ವಯಿಸಲಿಲ್ಲ.

ಮನುಷ್ಯನಿಗೆ ನೆರೆಯವನ ಕೈಕೆಲಸ ಹಿಡಿಸಿದಷ್ಟು ಸುಲಭವಾಗಿ ನೆರೆಯವನು ಹಿಡಿಸುವುದಿಲ್ಲವೇನೋ. ಆಂಡಲೂಸಿಯಾಕ್ಕೆ ಹೋಗುವವರು ಕಂಬಗಳನ್ನೂ ಕಾರಂಜಿಗಳನ್ನೂ ಕಣ್ತುಂಬ ನೋಡಲಿ. ಹಾಗೆಯೇ ಕಾರ್ಡೋಬಾದ ಆ ಪುಟ್ಟ ಪ್ರಾರ್ಥನಾಮಂದಿರದಲ್ಲಿಯೂ ಐದು ನಿಮಿಷ ಸುಮ್ಮನೆ ನಿಂತು ಬರಲಿ.