ನಮ್ಮ ಗೋಲಿ ಮಲಗಿ ಮೂರು ವಾರ ಆಗಿತ್ತು

‘ಲೇ, ನಿಮ್ಮ ಗೋಲಿ ಗಾಯ ಆಗಿ ಮಲಗಿ ಮೂರು ವಾರ ಆತು. ಇನ್ನೂ ಅವನನ್ನೇ ತಂಡದಾಗ ಇಟ್ಕೊಂಡು ಕುಂತೀರಲ್ಲ?’

ಕೆನಡಾದಲ್ಲಿರುವ ಗೆಳೆಯನ ಈ ವಾಯ್ಸ್ ಮೆಸೇಜ್ ಬಂದದ್ದು 2024ರ ಮಾರ್ಚ್ ಕೊನೆಗೆ. ನಾವು ಕೇಳಿದ್ದು ಎರಡು ದಿನ ಬಿಟ್ಟು. ಆ ಹೊತ್ತಿಗೆ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಟ್ಯಾಂಕರ್ ನೀರಿಗೆ ನಿಂತ ಕೊಡಗಳ ಸಾಲಿನ ಫೋಟೊ ತೆಗೆಯುತ್ತಿದ್ದೆವು. ಬರ ಒಂದು ಕಡೆ, ಲೋಕಸಭೆ ಚುನಾವಣೆ ಇನ್ನೊಂದು ಕಡೆ. ಗೋಲಿ ಯಾರು, ಹಾಕಿ ಎಲ್ಲಿ?

ನಾವು ಅಂದರೆ ಮೂವರು ಸ್ಟ್ರಿಂಗರ್‌ಗಳು. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಒಂದೇ ಬೆಂಚು. ಅದೇ ಬ್ಯಾಚಿನವನೊಬ್ಬ ಟೊರೊಂಟೊ ಹತ್ತಿರ ನೌಕರಿಗೆ ಹೋಗಿ, ಅಲ್ಲಿನ ಐಸ್ ಹಾಕಿಯ ಹುಚ್ಚು ಹತ್ತಿಸಿಕೊಂಡು, ನಮ್ಮನ್ನೂ ಫ್ಯಾಂಟಸಿ ಲೀಗಿಗೆ ಎಳೆದ. ಹತ್ತು ತಂಡ. ದುಡ್ಡಿಲ್ಲ, ಕೊನೆಗೆ ಬಂದವರು ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ ತಿನ್ನಿಸಬೇಕು ಅಷ್ಟೇ.

ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಕ್ಟೋಬರಿನಲ್ಲಿ ಎನ್‌ಎಚ್‌ಎಲ್ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತೇವೆ. ಅವರು ನಿಜವಾದ ಪಂದ್ಯದಲ್ಲಿ ಹೊಡೆದ ಗೋಲು, ತಡೆದ ಚೆಂಡು ನಮಗೆ ಅಂಕ. (ಚೆಂಡಲ್ಲ, ಪಕ್ ಅನ್ನುವ ರಬ್ಬರ್ ಬಿಲ್ಲೆ.) ವಾರಕ್ಕೊಬ್ಬರು ಎದುರಾಳಿ. ಚಳಿಗಾಲದಲ್ಲಿ ಅಲ್ಲಿನ ಸಂಜೆ ಏಳು ಅಂದರೆ ನಮಗೆ ಬೆಳಗಿನ ಐದೂವರೆ. ಅಷ್ಟರೊಳಗೆ ಯಾರು ಆಡುತ್ತಾರೆ, ಯಾರಿಗೆ ಗಾಯ ಅಂತ ನೋಡಿ ತಂಡ ಹೊಂದಿಸಬೇಕು.

ನಮ್ಮ ಮೂವರಿಗೂ ಸೇರಿ ಒಂದೇ ತಂಡ. ಅಲ್ಲೇ ಎಡವಿದ್ದು. ಇವನು ನೋಡ್ತಾನೆ ಅಂತ ಅವನು, ಅವನು ನೋಡ್ತಾನೆ ಅಂತ ಇವನು. ಫೆಬ್ರುವರಿ ಮುಗಿಯುವಷ್ಟರಲ್ಲಿ ತಂಡ ಬಿಟ್ಟುಬಂದ ಹೊಲದಂತಾಗಿತ್ತು.

ಸೋತರೆ ನಮಗೇ ತಾನೆ ನಷ್ಟ ಅಂದುಕೊಂಡಿದ್ದೆವು. ಆದರೆ ಕಲಬುರಗಿಯ ಗೆಳೆಯ ನಮ್ಮ ಎದುರು ಆಡಿದ್ದು ಡಿಸೆಂಬರಿನಲ್ಲಿ. ಆಗ ನಾವು ಚುರುಕಾಗಿದ್ದೆವು, ಅವನನ್ನು ಸೋಲಿಸಿದ್ದೆವು. ಅವನಿಗೆ ಪೈಪೋಟಿಯಾಗಿದ್ದವನಿಗೆ ನಾವು ಸಿಕ್ಕಿದ್ದು ಮಾರ್ಚಿನಲ್ಲಿ, ಗೋಲಿಯೇ ಇಲ್ಲದೆ. ಅವನಿಗೆ ಪುಕ್ಕಟೆ ಗೆಲುವು. ಕೊನೆಯ ಸುತ್ತಿಗೆ ಹೋಗುವುದು ನಾಲ್ಕೇ ತಂಡ. ಒಂದೇ ಒಂದು ಗೆಲುವಿನ ಅಂತರದಲ್ಲಿ ಕಲಬುರಗಿಯವನು ಐದನೆಯವನಾದ. ರಾತ್ರಿ ಪಾಳಿ ಡೆಸ್ಕ್ ಮುಗಿಸಿ ಬಂದು, ನಿದ್ದೆಗೆಟ್ಟು ದಿನಾ ತಂಡ ಹೊಂದಿಸುತ್ತಿದ್ದವನು. ಏನೂ ಅನ್ನಲಿಲ್ಲ. ಗ್ರೂಪಿನಿಂದ ಹೊರಟುಹೋದ. ಬೈದಿದ್ದರೆ ಒಳ್ಳೆಯದಿತ್ತು.

ಅದೇ ವಾರ ಇನ್ನೊಂದೂ ಬಯಲಾಯಿತು. ಶಿವಮೊಗ್ಗದವನು ಬೇಕಂತಲೇ ಸೋಲುತ್ತಿದ್ದ. ಇದಕ್ಕೆ ಟ್ಯಾಂಕಿಂಗ್ ಅನ್ನುತ್ತಾರೆ. (ನಮಗೆ ಟ್ಯಾಂಕ್ ಅಂದರೆ ಊರ ನೀರಿನದೇ ನೆನಪಾಗುವುದು, ಆ ವರ್ಷ ಅದೂ ಖಾಲಿ.) ಕೊನೆಗೆ ಬಂದವರಿಗೆ ಮುಂದಿನ ವರ್ಷ ಮೊದಲ ಆಯ್ಕೆ ಅಂತ ನಮ್ಮ ನಿಯಮ. ಆಗ ಮ್ಯಾಕ್ಲಿನ್ ಸೆಲೆಬ್ರಿನಿ ಎಂಬ ಹುಡುಗನ ಹೆಸರು ಎಲ್ಲರ ಬಾಯಲ್ಲಿ. ಅವನಿಗಾಗಿ ಶಿವಮೊಗ್ಗದವನು ಒಳ್ಳೆಯ ಆಟಗಾರರನ್ನೆಲ್ಲ ಬೆಂಚಿನಲ್ಲಿ ಕೂರಿಸಿದ್ದ. ಕೇಳಿದರೆ, ‘ನಿಯಮದಾಗೇ ಐತಲ್ಲ’ ಅಂದ. ಅವನ ಮೇಲೆ ಕೂಗಾಡುವ ಮುಖ ನಮಗಿರಲಿಲ್ಲ.

ದೊಡ್ಡ ಲೀಗಿನಲ್ಲೂ ಈ ಕಾಯಿಲೆ ಹಳೆಯದು. 1992-93ರಲ್ಲಿ ಒಟ್ಟಾವಾ ತಂಡ ಬೇಕಂತಲೇ ಸೋತಿತು ಅಂತ ಗುಲ್ಲೆದ್ದಿತು. ತನಿಖೆಯಲ್ಲಿ ಸಾಬೀತಾಗಲಿಲ್ಲ, ಆದರೂ 1995ರಿಂದ ಮೊದಲ ಆಯ್ಕೆಗೆ ಲಾಟರಿ ಬಂತು. 2015ರಲ್ಲಿ ಬಫಲೊ ತಂಡದ ಅಭಿಮಾನಿಗಳು ತಮ್ಮೂರಲ್ಲೇ ಎದುರಾಳಿ ಗೋಲು ಹೊಡೆದಾಗ ಕುಣಿದರು. ಕಾನರ್ ಮ್ಯಾಕ್‌ಡೇವಿಡ್ ಬೇಕಿತ್ತು ಅವರಿಗೆ. ಬಫಲೊ ಕೊನೆಗೇನೋ ಬಂತು, ಲಾಟರಿ ಮಾತ್ರ ಎಡ್ಮಂಟನ್‌ಗೆ ಹೊಡೆಯಿತು!

ಕೊಡಗಿನ ಕುಟುಂಬ ಹಾಕಿ ನೆನಪಾಯಿತು ನಮಗೆ. 1997ರಿಂದ ನಡೆಯುವ ಆ ಪಂದ್ಯಾವಳಿಯಲ್ಲಿ ಆಡುವುದು ಮನೆತನದ ಹೆಸರಿನಲ್ಲಿ. ಸೋತರೆ ಮನೆಗೆ. ಸೋಲಿಗೆ ಬಹುಮಾನ ಇಲ್ಲದ ಕಡೆ ಯಾರು ಯಾಕೆ ಸೋಲುತ್ತಾರೆ? ತಪ್ಪು ಶಿವಮೊಗ್ಗದವನಷ್ಟೇ ನಮ್ಮ ನಿಯಮದ್ದೂ ಆಗಿತ್ತು.

ಚುನಾವಣೆ ಮುಗಿದ ಮೇಲೆ ಎಲ್ಲರೂ ವೀಡಿಯೊ ಕಾಲಿನಲ್ಲಿ ಕೂತೆವು. ಆಡದವರನ್ನು ತೆಗೆದುಹಾಕಿ ಅಂದರು ಕೆಲವರು. ನಾವು ತಲೆ ತಗ್ಗಿಸಿಕೊಂಡಿದ್ದೆವು. ಕೆನಡಾದವನು ಅಲ್ಲಿನ ಹೊಸ ಮಹಿಳಾ ಲೀಗಿನ ಪದ್ಧತಿ ಹೇಳಿದ. ಅಲ್ಲಿ ಪ್ಲೇಆಫ್ ಆಸೆ ಮುಗಿದ ಮೇಲೆ ಗಳಿಸಿದ ಅಂಕದ ಮೇಲೆ ಮೊದಲ ಆಯ್ಕೆ. ಅಂದರೆ ಹೊರಬಿದ್ದ ಮೇಲೂ ಗೆಲ್ಲಲೇಬೇಕು. ನಾವು ಅದನ್ನು ಸ್ವಲ್ಪ ಬದಲಿಸಿದೆವು. ಕೆಳಗಿನ ಆರು ತಂಡ ತಮ್ಮೊಳಗೇ ಆಡುವುದು, ಅದರಲ್ಲಿ ಗೆದ್ದವರಿಗೆ ಮೊದಲ ಆಯ್ಕೆ. ಶಿವಮೊಗ್ಗದವನು ಗೊಣಗಿದ, ಒಪ್ಪಿದ.

ಮಾಯವಾಗುವವರದು ಬೇರೆ ಸಮಸ್ಯೆ. ಅವರಿಗೆ ಆಸೆ ತೋರಿಸಿ ಪ್ರಯೋಜನವಿಲ್ಲ, ಪುರುಸೊತ್ತೇ ಇರುವುದಿಲ್ಲ. ಅದಕ್ಕೆ ಪ್ರತಿ ತಂಡಕ್ಕೂ ಒಬ್ಬ ಬದಲಿ. ತಂಡದವರು ‘ಈ ವಾರ ಆಗಲ್ಲ’ ಅಂದರೆ ಸಾಕು, ಗಾಯಗೊಂಡವನನ್ನು ತೆಗೆದು ಬೆಂಚಿನವನನ್ನು ಹಾಕುವ ಅಧಿಕಾರ ಬದಲಿಗೆ. ಆಟಗಾರರನ್ನು ಮಾರುವ, ಬಿಡುವ ಹಾಗಿಲ್ಲ. ಒಂದು ವಾರ ಸುದ್ದಿಯೇ ಇಲ್ಲದಿದ್ದರೆ ಮೆಸೇಜ್ ಅಲ್ಲ, ಫೋನ್ ಮಾಡಬೇಕು. ಮನೆಯಲ್ಲಿ ಏನಾಗಿದೆಯೋ ಯಾರಿಗೆ ಗೊತ್ತು.

ಕಲಬುರಗಿಯವನಿಗೆ ನಾವೇ ಫೋನ್ ಮಾಡಿದೆವು, ಮೂರು ಸಲ. ಮೂರನೆಯದಕ್ಕೆ ಎತ್ತಿದ. ಚುನಾವಣೆ, ಬರ ಅಂತ ಶುರು ಮಾಡಿದೆವು. ‘ನಾನೂ ಅದೇ ಸುದ್ದಿ ಪೇಜಿಗೆ ಹಾಕ್ತಿದ್ದೆ ಮಾರಾಯಾ’ ಅಂದ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ತಪ್ಪಾಯಿತು ಅಂದೆವು. ವಾಪಸ್ ಬರುತ್ತೇನೆ, ಆದರೆ ನಿಮ್ಮ ತಂಡದ ಬದಲಿ ನಾನೇ ಆಗಬೇಕು ಅಂದ.

ಈಗ ನಮ್ಮಲ್ಲಿ ವಾರಕ್ಕೊಬ್ಬರ ಪಾಳಿ, ನಸುಕಿಗೆ ಅಲಾರಂ. ಆದರೂ ಅಲಾರಂಗಿಂತ ಮೊದಲೇ ಕೆಲವು ದಿನ ಫೋನ್ ಬಡಿದುಕೊಳ್ಳುತ್ತದೆ. ಎತ್ತಿದರೆ ಕಲಬುರಗಿಯಿಂದ ಒಂದೇ ಮಾತು, ‘ಗೋಲಿ ಎದ್ದಾನೇನು ನೋಡ್ರಿ.’