ರದ್ದಾದ ಗಾಡಿಯ ಪರವಾಗಿ

ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಬೈಗುಳ ಕಾಯಂ: ‘ಮೀರಜ್ ಮಾರ್ಗದಲ್ಲಿ ಮತ್ತೆ ನಾನ್-ಇಂಟರ್‌ಲಾಕಿಂಗ್ ಅಂತೆ, ಗಾಡಿ ರದ್ದು!’ ಬೆಳಗಾವಿ, ಹುಬ್ಬಳ್ಳಿಗೆ ಹೊರಟವರ ಸಂಕಟ ನನಗೂ ಗೊತ್ತು. ಆದರೆ ಸಿಗ್ನಲ್ ಕೆಲಸದಲ್ಲೇ ಅನ್ನ ಕಂಡ ನಾನು ರದ್ದಾದ ಗಾಡಿಯ ಪರ.

ಎರಡು ಗಾಡಿಗಳಿಗೆ ಒಂದೇ ಹಳಿ ಸಿಗದಂತೆ ಸಿಗ್ನಲ್, ಪಾಯಿಂಟ್‌ಗಳನ್ನು ಒಂದಕ್ಕೊಂದು ಬಿಗಿಯುವುದೇ ಇಂಟರ್‌ಲಾಕಿಂಗ್. ಹಳೆಯದು ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಕಟ್ಟಿ, ಮೊದಲು ಸಿಮ್ಯುಲೇಷನ್ ಪ್ಯಾನೆಲ್ ಮೇಲೆ ಪರೀಕ್ಷಿಸುತ್ತೇವೆ. ಆಮೇಲೆ ಹಂತ ಹಂತವಾಗಿ ಹಳೆಯದನ್ನು ಕಳಚಿ ಹೊಸದಕ್ಕೆ ಜೋಡಿಸುವ ದಿನಗಳು. ಆಗ ಬರುವ ಕೆಲವೇ ಗಾಡಿಗಳು ಕ್ಲ್ಯಾಂಪ್ ಹಾಕಿ ಬೀಗ ಜಡಿದ ಪಾಯಿಂಟುಗಳ ಮೇಲೆ ನಿಧಾನ ಸಾಗುತ್ತವೆ.

ಬರಬೇಕಾದಲ್ಲಿ ಹಸಿರು ಬಂತೇ ಎಂಬುದು ಸುಲಭದ ಪರೀಕ್ಷೆ. ಬರಬಾರದಲ್ಲಿ ಬರುವುದಿಲ್ಲ ತಾನೇ ಎಂಬುದಕ್ಕೇ ಹೊತ್ತು ಹಿಡಿಯುವುದು. ಒಂದು ಮಾರ್ಗ ಕೊಟ್ಟು, ಅದಕ್ಕೆ ಅಡ್ಡ ಬರುವ ಪ್ರತಿ ಸಿಗ್ನಲನ್ನೂ ಹಸಿರು ಮಾಡಲು ಯತ್ನಿಸಬೇಕು, ಒಂದೂ ಆಗಬಾರದು. ಪ್ಯಾನೆಲ್ ‘ನೇರ’ ಎಂದಾಗ ಪಾಯಿಂಟ್ ನಿಜಕ್ಕೂ ನೇರವಿದೆಯೇ ಎಂದು ಹಳಿಯ ಬಳಿ ನಿಂತವನು ಕಣ್ಣಾರೆ ನೋಡಿ ಹೇಳಬೇಕು.

ಈ ತಾಳೆ ತಪ್ಪಿದ್ದು ಒಡಿಶಾದ ಬಹನಾಗಾ ಬಜಾರಿನಲ್ಲಿ, 2023ರ ಜೂನ್ 2ರಂದು. ಸಿಗ್ನಲ್ ಮುಖ್ಯ ಮಾರ್ಗಕ್ಕೆ ಹಸಿರು. ಪಾಯಿಂಟ್ ಲೂಪ್ ಲೈನಿನ ಕಡೆ. ಸಿಗ್ನಲ್ ಸರ್ಕ್ಯೂಟ್ ಬದಲಾವಣೆಯಲ್ಲಿನ ಲೋಪಗಳೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. 290ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಮುಂದಿನ ಸಲ ಗಾಡಿ ರದ್ದಾದರೆ ಬೈಯಿರಿ, ಬೇಡವೆನ್ನುವುದಿಲ್ಲ. ‘ಬೇಗ ಮುಗಿಸಿ’ ಎಂದು ಮಾತ್ರ ಒತ್ತಾಯ ಮಾಡಬೇಡಿ.